ಸೂಜಿ ಚಿಕಿತ್ಸೆ, ಸಂತಾನದ ಆಸೆ ಮತ್ತು ನಮ್ಮ ನಿಧಿಯ ಹಣ



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳಲ್ಲಿ ಹೃದಯ, ಮೂತ್ರಪಿಂಡ, ಕ್ಯಾನ್ಸರ್ ಚಿಕಿತ್ಸೆಯವೇ ಹೆಚ್ಚು. ಈಚಿನ ವರ್ಷಗಳಲ್ಲಿ ಇನ್ನೊಂದು ಬಗೆಯ ಅರ್ಜಿಗಳೂ ಬರುತ್ತಿವೆ. ಮದುವೆಯಾಗಿ ಕೆಲವು ವರ್ಷಗಳಾದರೂ ಮಕ್ಕಳಾಗದ ದಂಪತಿಗಳು ಐವಿಎಫ್ ಚಿಕಿತ್ಸೆಗೆ ನೆರವು ಕೇಳುತ್ತಾರೆ. ಅರ್ಜಿಯ ಜೊತೆ ಲಗತ್ತಿಸಿದ ಖರ್ಚಿನ ಅಂದಾಜು ಪಟ್ಟಿಯಲ್ಲಿ ಸ್ಕ್ಯಾನಿಂಗ್, ಇಂಜೆಕ್ಷನ್, ಆಸ್ಪತ್ರೆಯ ಶುಲ್ಕ ಇವುಗಳ ಕೆಳಗೆ ‘ಅಕ್ಯುಪಂಕ್ಚರ್ ಪ್ಯಾಕೇಜ್’, ‘ಚೀನೀ ಗಿಡಮೂಲಿಕೆ, ಮೂರು ತಿಂಗಳಿಗೆ’ ಎಂಬ ಸಾಲುಗಳೂ ಕಾಣಿಸುತ್ತವೆ.

ನಮ್ಮ ಉಪಸಮಿತಿ ಉಳಿದ ಖರ್ಚನ್ನು ಪರಿಶೀಲಿಸಿ ಮಂಜೂರು ಮಾಡುತ್ತದೆ. ಈ ಎರಡು ಸಾಲುಗಳಿಗೆ ಮಾತ್ರ ಮಾಡುವುದಿಲ್ಲ. ಏಕೆ ಎಂದು ಕೆಲವು ಸದಸ್ಯರು ಕೇಳಿದ್ದಾರೆ. ಕೇಳುವ ಹಕ್ಕು ಅವರಿಗಿದೆ, ಹಣ ಅವರದ್ದು. ನಾನು ವೈದ್ಯನಲ್ಲ, ಬಿ.ಕಾಂ. ಓದಿ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಆದರೆ ಈ ಪ್ರಶ್ನೆಯಲ್ಲಿ ವೈದ್ಯಶಾಸ್ತ್ರದಷ್ಟೇ ಲೆಕ್ಕವೂ ಇದೆ. ಸಂಘದ ಸದಸ್ಯರೇ ಆದ ಸ್ತ್ರೀರೋಗ ತಜ್ಞೆಯೊಬ್ಬರು ತಾಳ್ಮೆಯಿಂದ ವಿವರಿಸಿದ್ದನ್ನೂ ನಾನು ಓದಿ ತಿಳಿದದ್ದನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ.

ಏನಿದು ಸೂಜಿ ಚಿಕಿತ್ಸೆ?

ಚೀನಾದ ಸಾಂಪ್ರದಾಯಿಕ ವೈದ್ಯದ ಪ್ರಕಾರ ದೇಹದಲ್ಲಿ ‘ಚೀ’ ಎಂಬ ಜೀವಶಕ್ತಿ ಗೊತ್ತಾದ ಹಾದಿಗಳಲ್ಲಿ ಹರಿಯುತ್ತಿರುತ್ತದೆ. ಆ ಹರಿವು ಎಲ್ಲಿಯಾದರೂ ಕಟ್ಟಿದರೆ ಅಥವಾ ಕುಗ್ಗಿದರೆ ಕಾಯಿಲೆ. ಹಾದಿಯ ಮೇಲಿನ ಬಿಂದುಗಳಲ್ಲಿ ಕೂದಲೆಳೆಯಷ್ಟು ತೆಳುವಾದ ಸೂಜಿ ಚುಚ್ಚಿ ಹರಿವನ್ನು ಸರಿಪಡಿಸುವುದೇ ಅಕ್ಯುಪಂಕ್ಚರ್. ಸಂತಾನಶಕ್ತಿಯ ಮೂಲ ಮೂತ್ರಪಿಂಡದಲ್ಲಿದೆ ಎಂದು ಆ ಪದ್ಧತಿ ಹೇಳುತ್ತದೆ. ಹಾಗಾಗಿ ಮಕ್ಕಳಾಗದ ಹೆಂಗಸಿನ ನಾಡಿ ಹಿಡಿದು, ನಾಲಗೆ ನೋಡಿ, ‘ಮೂತ್ರಪಿಂಡದ ಶಕ್ತಿ ಕುಂದಿದೆ’, ‘ಯಕೃತ್ತಿನ ಚೀ ಕಟ್ಟಿಕೊಂಡಿದೆ’ ಎಂದು ನಿದಾನ ಮಾಡಿ, ಅದಕ್ಕೆ ತಕ್ಕ ಬಿಂದುಗಳನ್ನೂ ಮೂಲಿಕೆಗಳನ್ನೂ ಸೂಚಿಸುತ್ತಾರೆ. ವಾತ, ಪಿತ್ತ, ಕಫದ ಮಾತು ಕೇಳುತ್ತ ಬೆಳೆದ ನಮಗೆ ಈ ರೀತಿಯ ವಿವರಣೆ ಅಷ್ಟೇನೂ ಅಪರಿಚಿತವಲ್ಲ.

ಭಾರತಕ್ಕೆ ಈ ಪದ್ಧತಿ ಬಂದ ದಾರಿಯೂ ಕುತೂಹಲದ್ದು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಕಾಂಗ್ರೆಸ್ ಐವರು ವೈದ್ಯರ ತಂಡವನ್ನು ಕಳಿಸಿತು. ಅದರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೊಟ್ನಿಸ್ ಇದ್ದರು. ಅವರು 1942ರಲ್ಲಿ ಅಲ್ಲೇ ತೀರಿಕೊಂಡರು. ವಿ. ಶಾಂತಾರಾಮ್ ಅವರ ಚಿತ್ರದಿಂದ ಹಿರಿಯ ಸದಸ್ಯರಿಗೆ ಆ ಹೆಸರು ನೆನಪಿರಬಹುದು. ಅದೇ ತಂಡದಲ್ಲಿದ್ದ ಡಾ. ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಆರಂಭಿಸಿದರು. ಈಗ ಕೇಂದ್ರ ಸರಕಾರದ ಮಾನ್ಯತೆಯೂ ಅದಕ್ಕಿದೆ. ನಾವಿರುವ ಮಹಾರಾಷ್ಟ್ರದಲ್ಲಿ ಪ್ರತ್ಯೇಕ ಕಾಯ್ದೆಯೂ ಕೌನ್ಸಿಲ್ ಕೂಡ ಇದೆ. ಆದ್ದರಿಂದ ಇದನ್ನು ಕಾನೂನುಬಾಹಿರ ಎಂದೋ ಮೋಸ ಎಂದೋ ನಾವು ಹೇಳುತ್ತಿಲ್ಲ. ನಮ್ಮ ಪ್ರಶ್ನೆ ಒಂದೇ: ಇದರಿಂದ ಮಗು ಹುಟ್ಟುವ ಸಾಧ್ಯತೆ ಹೆಚ್ಚುತ್ತದೆಯೇ?

ಆಸೆ ಹುಟ್ಟಿದ್ದು ಎಲ್ಲಿಂದ?

2002ರಲ್ಲಿ ಜರ್ಮನಿಯ ವೈದ್ಯರ ಒಂದು ಅಧ್ಯಯನ ಪ್ರಕಟವಾಯಿತು. ಐವಿಎಫ್ ಮಾಡಿಸಿಕೊಳ್ಳುತ್ತಿದ್ದ 160 ಮಹಿಳೆಯರಲ್ಲಿ 80 ಮಂದಿಗೆ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಮುಂಚೆ ಮತ್ತು ಅನಂತರ ಇಪ್ಪತ್ತೈದು ನಿಮಿಷ ಸೂಜಿ ಚಿಕಿತ್ಸೆ ಕೊಟ್ಟರು. ಉಳಿದ 80 ಮಂದಿಗೆ ಕೊಡಲಿಲ್ಲ. ಸೂಜಿ ಪಡೆದವರಲ್ಲಿ 34 ಮಂದಿ, ಅಂದರೆ ಶೇ. 42.5ರಷ್ಟು ಗರ್ಭ ಧರಿಸಿದರು. ಪಡೆಯದವರಲ್ಲಿ 21 ಮಂದಿ, ಶೇ. 26.3. ಇಷ್ಟು ದೊಡ್ಡ ವ್ಯತ್ಯಾಸ ಕಂಡರೆ ಯಾರಿಗೆ ತಾನೇ ಆಸೆಯಾಗುವುದಿಲ್ಲ? ಬಹಳಷ್ಟು ದೇಶಗಳ ಐವಿಎಫ್ ಕೇಂದ್ರಗಳ ಪಕ್ಕದಲ್ಲಿ ಸೂಜಿ ಚಿಕಿತ್ಸೆಯ ಕೊಠಡಿಗಳು ತೆರೆದವು. ಇಂದಿಗೂ ಅನೇಕ ಕರಪತ್ರಗಳಲ್ಲಿ ಕಾಣುವುದು ಈ ಬಗೆಯ ಅಂಕಿಗಳೇ.

ಆದರೆ ಈ ಲೆಕ್ಕದಲ್ಲಿ ಎರಡು ಕೊರತೆಗಳಿದ್ದವು. ಒಂದು, ಅದು ಎಣಿಸಿದ್ದು ಗರ್ಭಧಾರಣೆಯನ್ನು, ಹುಟ್ಟಿದ ಮಕ್ಕಳನ್ನಲ್ಲ. ಗರ್ಭ ನಿಂತದ್ದೆಲ್ಲ ಉಳಿಯುವುದಿಲ್ಲ ಎಂಬುದನ್ನು ಆ ನೋವುಂಡ ಮನೆಗಳಿಗೆ ಹೇಳಬೇಕಾಗಿಲ್ಲ. ಎರಡು, ಸೂಜಿ ಪಡೆದವರಿಗೂ ಪಡೆಯದವರಿಗೂ ತಾವು ಯಾವ ಗುಂಪಿನವರೆಂದು ಗೊತ್ತಿತ್ತು.

ಎರಡನೆಯದು ಏಕೆ ಮುಖ್ಯ ಎಂಬುದನ್ನು ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ಮಾರ್ಚ್ ತಿಂಗಳ ಕೊನೆಗೆ ಎಲ್ಲ ಶಾಖೆಗಳಲ್ಲೂ ಠೇವಣಿ ಏರುತ್ತದೆ. ಹೊಸದಾಗಿ ಬಂದ ಮ್ಯಾನೇಜರ್ ಆ ತಿಂಗಳು ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿದ್ದರೆ, ‘ತೋರಣ ಕಟ್ಟಿದ ಮೇಲೆ ಠೇವಣಿ ಏರಿತು’ ಎಂದು ವರದಿ ಬರೆಯಬಹುದು. ಬರೆದದ್ದು ಸುಳ್ಳಲ್ಲ, ಏರಿದ್ದು ನಿಜ, ಕಟ್ಟಿದ್ದೂ ನಿಜ. ಆದರೆ ತೋರಣದಿಂದಲೇ ಏರಿತೇ ಎಂದು ತಿಳಿಯಬೇಕಾದರೆ ತೋರಣ ಕಟ್ಟದ, ಉಳಿದೆಲ್ಲದರಲ್ಲೂ ಇದೇ ತರಹದ ಇನ್ನೊಂದು ಶಾಖೆಯ ಲೆಕ್ಕವನ್ನು ಪಕ್ಕದಲ್ಲಿಟ್ಟು ನೋಡಬೇಕು. ಐವಿಎಫ್‌ನಲ್ಲಿಯೂ ಸೂಜಿ ಇಲ್ಲದೆಯೇ ಒಂದಷ್ಟು ಮಂದಿಗೆ ಮಕ್ಕಳಾಗುತ್ತವೆ. ಸೂಜಿಯ ಪಾಲು ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡಬೇಕಾದರೆ ಎರಡೂ ಗುಂಪಿಗೆ ಒಂದೇ ಕೋಣೆ, ಒಂದೇ ವಿಶ್ರಾಂತಿ, ಒಂದೇ ಉಪಚಾರ ಸಿಗಬೇಕು. ಚಿಕಿತ್ಸೆ ಪಡೆಯುವವರಿಗೆ ತಮ್ಮ ಸೂಜಿ ನಿಜವಾದದ್ದೋ ಅಲ್ಲವೋ ತಿಳಿಯಬಾರದು.

ಚುಚ್ಚಿದ ಹಾಗೆ ತೋರಿಸಿ ಚುಚ್ಚದಿರುವುದು ಹೇಗೆ? 1998ರಲ್ಲಿ ಜರ್ಮನಿಯ ಡಾ. ಕಾನ್ರಾಡ್ ಸ್ಟ್ರೈಟ್‌ಬರ್ಗರ್ ಇದಕ್ಕೊಂದು ಉಪಾಯ ಕಂಡುಹಿಡಿದಿದ್ದರು. ಅದೊಂದು ಮೊಂಡು ತುದಿಯ ಸೂಜಿ. ಒತ್ತಿದರೆ ಚರ್ಮದೊಳಗೆ ಹೋಗದೆ ತನ್ನ ಹಿಡಿಯೊಳಗೇ ಸರಿಯುತ್ತದೆ. ನೋಡುವವರಿಗೆ ಒಳಹೋದಂತೆಯೇ ಕಾಣುತ್ತದೆ. ಚುಚ್ಚಿಸಿಕೊಂಡವರಿಗೂ ಚುಚ್ಚಿದಂತೆಯೇ ಅನಿಸುತ್ತದೆ.

ಸರಿಯಾಗಿ ಹೋಲಿಸಿದಾಗ

ಇಂಥ ಹೋಲಿಕೆಗಳು ಬಂದಂತೆಲ್ಲ ಚಿತ್ರ ಬದಲಾಯಿತು. ಮೂರು ಅಧ್ಯಯನಗಳನ್ನಷ್ಟೇ ಹೇಳುತ್ತೇನೆ.

2009ರಲ್ಲಿ ಹಾಂಗ್‌ಕಾಂಗಿನಲ್ಲಿ 370 ಮಹಿಳೆಯರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ನಿಜವಾದ ಸೂಜಿ ಪಡೆದವರಲ್ಲಿ ಗರ್ಭ ಧರಿಸಿದವರು ಶೇ. 43.8, ಮೊಂಡು ಸೂಜಿ ಪಡೆದವರಲ್ಲಿ ಶೇ. 55.1. ಲೆಕ್ಕ ತಿರುವುಮುರುವಾಗಿತ್ತು!

2018ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ 16 ಐವಿಎಫ್ ಕೇಂದ್ರಗಳ ದೊಡ್ಡ ಅಧ್ಯಯನ ಹೊರಬಂತು. ಭಾಗವಹಿಸಿದವರು 848 ಮಹಿಳೆಯರು. ಈ ಬಾರಿ ಎಣಿಸಿದ್ದು ಹುಟ್ಟಿದ ಮಕ್ಕಳನ್ನು. ನಿಜವಾದ ಸೂಜಿಯ ಗುಂಪಿನಲ್ಲಿ 405 ಮಂದಿಯ ಪೈಕಿ 74 ಮಂದಿಗೆ, ಅಂದರೆ ಶೇ. 18.3ರಷ್ಟು ಜನಕ್ಕೆ ಮಗುವಾಯಿತು. ಚುಚ್ಚದ ಸೂಜಿಯ ಗುಂಪಿನಲ್ಲಿ 404ರ ಪೈಕಿ 72, ಶೇ. 17.8. ನಾಲ್ಕು ನೂರು ಮಂದಿಯಲ್ಲಿ ಎರಡು ಮಕ್ಕಳ ಅಂತರ. ಇದು ಯಾದೃಚ್ಛಿಕವಾಗಿ ಆ ಕಡೆಗೂ ಈ ಕಡೆಗೂ ಹೋಗಬಹುದಾದ ಅಂತರ.

ಮೂರನೆಯದು ಚೀನಾದ್ದೇ. ಪಿಸಿಓಎಸ್ ಸಮಸ್ಯೆಯಿರುವ, ಅಂದರೆ ಅಂಡಾಣು ಕ್ರಮವಾಗಿ ಬಿಡುಗಡೆಯಾಗದ ಸಾವಿರ ಮಹಿಳೆಯರನ್ನು ನಾಲ್ಕು ಗುಂಪು ಮಾಡಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಅಂಡಾಣು ಬಿಡುಗಡೆಗೆ ಸಹಾಯ ಮಾಡುವ ಕ್ಲೊಮಿಫಿನ್ ಮಾತ್ರೆಯ ಜೊತೆ ನಿಜವಾದ ಸೂಜಿ ಪಡೆದವರಲ್ಲಿ ಶೇ. 29.4 ಮಂದಿಗೆ ಮಗುವಾಯಿತು. ಅದೇ ಮಾತ್ರೆಯ ಜೊತೆ ತೋರಿಕೆಯ ಸೂಜಿ ಪಡೆದವರಲ್ಲಿ ಶೇ. 28. ಔಷಧವಿಲ್ಲದ ಹುಸಿ ಮಾತ್ರೆ ಮತ್ತು ನಿಜವಾದ ಸೂಜಿ ಪಡೆದವರಲ್ಲಿ ಶೇ. 13.9, ಎರಡೂ ಹುಸಿಯಾದವರಲ್ಲಿ ಶೇ. 16.8. ಕೆಲಸ ಮಾಡಿದ್ದು ಮಾತ್ರೆ. ಅಕ್ಯುಪಂಕ್ಚರಿನ ತವರಿನಲ್ಲೇ, ಅದನ್ನು ಬಲ್ಲವರ ಕೈಯಲ್ಲೇ ಬಂದ ಉತ್ತರ ಇದು. ಆದ್ದರಿಂದ ‘ಪಾಶ್ಚಾತ್ಯರಿಗೆ ಪೂರ್ವದ ವೈದ್ಯ ಅರ್ಥವಾಗುವುದಿಲ್ಲ’ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಸೂಜಿ ಚಿಕಿತ್ಸಕರಲ್ಲಿ ಕೆಲವರು ಒಂದು ಆಕ್ಷೇಪ ಎತ್ತುತ್ತಾರೆ: ಮೊಂಡು ಸೂಜಿಯೂ ಚರ್ಮವನ್ನು ಒತ್ತುತ್ತದೆಯಲ್ಲ, ಅದೂ ಸ್ವಲ್ಪ ಕೆಲಸ ಮಾಡಿರಬಹುದು. ಆಕ್ಷೇಪ ತೆಗೆದುಹಾಕುವಂಥದ್ದಲ್ಲ. ಆದರೆ ಅದನ್ನು ಒಪ್ಪಿದರೆ, ಯಾವ ಬಿಂದು, ಎಷ್ಟು ಆಳ ಎಂಬ ಶಾಸ್ತ್ರಕ್ಕೆ ಬೆಲೆ ಉಳಿಯುವುದಿಲ್ಲ. ಪ್ಯಾಕೇಜಿನಲ್ಲಿ ನಾವು ಹಣ ಕೊಡುವುದು ಆ ಶಾಸ್ತ್ರಕ್ಕೇ ತಾನೆ?

ಹಾಗಾದರೆ ಏನೂ ಪ್ರಯೋಜನವಿಲ್ಲವೇ?

ಹಾಗೆ ಹೇಳುವುದು ನ್ಯಾಯವಲ್ಲ. ಐವಿಎಫ್ ದಾರಿ ಹಿಡಿದ ಹೆಣ್ಣುಮಕ್ಕಳ ಮನಸ್ಸಿನ ಮೇಲಿನ ಭಾರ ಸಣ್ಣದಲ್ಲ. ದಿನಾ ಇಂಜೆಕ್ಷನ್, ಮತ್ತೆ ಮತ್ತೆ ಸ್ಕ್ಯಾನ್, ಫಲಿತಾಂಶಕ್ಕೆ ಎರಡು ವಾರ ಕಾಯುವುದು. ಇದರ ಮೇಲೆ ಯಾರದೋ ಸೀಮಂತಕ್ಕೆ ಹೋದರೆ ‘ನಿನ್ನದೇನು, ಇನ್ನೂ ವಿಶೇಷ ಇಲ್ಲವಾ?’ ಎಂಬ ಪ್ರಶ್ನೆ. ಅಂಥವರಿಗೆ ಶಾಂತವಾದ ಕೋಣೆಯಲ್ಲಿ ಅರ್ಧ ಗಂಟೆ ಮಲಗಿ, ಅಕ್ಕರೆಯಿಂದ ಮಾತಾಡಿಸುವವರ ಕೈಯಲ್ಲಿ ಉಪಚಾರ ಪಡೆದರೆ ಹಾಯೆನಿಸುವುದು ಸಹಜ. ಸ್ವಂತ ಹಣದಲ್ಲಿ, ಸಮಾಧಾನಕ್ಕೆಂದು ಮಾಡಿಸಿಕೊಳ್ಳುವುದಾದರೆ ನಮ್ಮ ತಕರಾರಿಲ್ಲ. ಕೌನ್ಸಿಲ್ ನೋಂದಣಿ ಇರುವವರ ಬಳಿ ಹೋಗಿ. ಪ್ರತಿ ಬಾರಿಯೂ ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಎದುರಿಗೇ ಒಡೆಯಲು ಹೇಳಿ. ಬಳಸಿದ ಸೂಜಿಯಿಂದ ಹೆಪಟೈಟಿಸ್ ಬಿ ಹರಡಬಹುದು. ನಿಮ್ಮ ಐವಿಎಫ್ ವೈದ್ಯರಿಗೂ ತಿಳಿಸಿ.

ಮೂಲಿಕೆಗಳ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರಿಕೆ ಬೇಕು. ಸೂಜಿ ಮೈಯಿಂದ ಹೊರಗೆ ಬರುತ್ತದೆ. ಪುಡಿ ಒಳಗೆ ಉಳಿಯುತ್ತದೆ. ಚೀನೀ ವೈದ್ಯದಲ್ಲಿ ಹುರುಳಿಲ್ಲ ಎಂದು ನಾನು ಹೇಳುತ್ತಿಲ್ಲ. ಮಲೇರಿಯಾಕ್ಕೆ ಇಂದು ಜಗತ್ತೆಲ್ಲ ಬಳಸುವ ಆರ್ಟಿಮಿಸಿನಿನ್ ಔಷಧದ ಸುಳಿವು ಸಿಕ್ಕಿದ್ದು ಹಳೆಯ ಚೀನೀ ವೈದ್ಯಗ್ರಂಥದಲ್ಲಿ. ಆದರೆ ವಿಜ್ಞಾನಿ ತು ಯುಯು ಅದನ್ನು ಹಾಗೆಯೇ ಪೊಟ್ಟಣ ಕಟ್ಟಿ ಮಾರಲಿಲ್ಲ. ಸಾರವನ್ನು ಬೇರ್ಪಡಿಸಿ, ಪರೀಕ್ಷಿಸಿ, ರೋಗಿಗಳಲ್ಲಿ ಗುಣ ತೋರಿಸಿದ ಮೇಲೆ ಅದು ಔಷಧವಾಯಿತು. 2015ರಲ್ಲಿ ಅವರಿಗೆ ನೊಬೆಲ್ ಬಂತು.

ಪರೀಕ್ಷೆ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಜಿಯಂ ದೇಶದ ಉದಾಹರಣೆ ಇದೆ. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸುವ ಚಿಕಿತ್ಸೆಗೆ ಚೀನೀ ಮೂಲಿಕೆಯ ಗುಳಿಗೆ ಕೊಟ್ಟರು. ಹೆಸರಿನ ಹೋಲಿಕೆಯಿಂದಾಗಿ ಒಂದು ಬೇರಿನ ಬದಲು ಅರಿಸ್ಟೊಲೋಕಿಯ ಎಂಬ ಇನ್ನೊಂದು ಬೇರು ಸೇರಿಹೋಗಿತ್ತು. ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಹಾಳಾಯಿತು. ಅನೇಕರಿಗೆ ಡಯಾಲಿಸಿಸ್ ಅಥವಾ ಕಸಿಯೇ ಗತಿಯಾಯಿತು. ಡಯಾಲಿಸಿಸ್‌ನ ಖರ್ಚು ಏನೆಂಬುದು ನಮ್ಮ ನಿಧಿಯ ದಾನಿಗಳಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಚೀನೀ ಪುಡಿಯಾಗಲಿ, ಊರಿನಿಂದ ತರಿಸಿದ ನಾಟಿ ಮದ್ದಾಗಲಿ, ಐವಿಎಫ್ ಔಷಧಗಳ ಜೊತೆ ವೈದ್ಯರಿಗೆ ಹೇಳದೆ ತೆಗೆದುಕೊಳ್ಳಬೇಡಿ. ಹೆಂಗಸರ ಬಂಜೆತನವನ್ನು ಗುಣಪಡಿಸುತ್ತೇವೆಂದು ಔಷಧದ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ ಎಂಬುದೂ ನೆನಪಿರಲಿ.

ಹಣಕ್ಕಿಂತ ದುಬಾರಿಯಾದದ್ದು

ಹಣ ಹೋದರೆ ಕಷ್ಟಪಟ್ಟು ಮತ್ತೆ ಕೂಡಿಸಬಹುದು. ಹೋದ ತಿಂಗಳುಗಳನ್ನು ಕೂಡಿಸುವ ಬ್ಯಾಂಕಿಲ್ಲ. ಮೂವತ್ತೈದು ದಾಟಿದ ಮೇಲೆ ಹೆಣ್ಣಿನ ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗ ಇಳಿಯುತ್ತವೆ. ‘ಮೊದಲು ಆರು ತಿಂಗಳು ಸೂಜಿ, ಆಮೇಲೆ ನೋಡೋಣ’ ಎಂಬ ಮಾತು ಆ ವಯಸ್ಸಿನಲ್ಲಿ ಬಹಳ ದುಬಾರಿ.

ನಮ್ಮ ಮುಂದೆ ಬಂದ ಒಂದು ಅರ್ಜಿಯ ವಿಷಯ ಹೇಳಬೇಕು, ಗುರುತು ಹೇಳುವಂತಿಲ್ಲ. ಆ ದಂಪತಿ ಒಂದು ವರ್ಷಕ್ಕೂ ಹೆಚ್ಚು ಕಾಲ ಸೂಜಿ, ಪುಡಿ, ಕಷಾಯ ಎಂದು ಅಲೆದಿದ್ದರು. ಸೊಸೆಯ ಬಳೆಗಳು ಅಡವಿಗೆ ಹೋಗಿದ್ದವು. ಕಡತದಲ್ಲಿ ಆಕೆಯ ವರದಿಗಳೇ ಒಂದು ಕಟ್ಟು. ಗಂಡನ ವೀರ್ಯ ಪರೀಕ್ಷೆಯ ಒಂದು ಹಾಳೆಯೂ ಇರಲಿಲ್ಲ. ಮಾಡಿಸಿ ಬನ್ನಿ ಎಂದೆವು. ಬಂದ ವರದಿಯಲ್ಲಿ ವೀರ್ಯಾಣುಗಳ ಸಂಖ್ಯೆ ಸೊನ್ನೆ. ಅಷ್ಟು ದಿನ ಚುಚ್ಚಿದ್ದು ತೊಂದರೆಯೇ ಇಲ್ಲದ ಹೆಣ್ಣುಮಗಳಿಗೆ.

ಮಕ್ಕಳಾಗದ ಪ್ರಕರಣಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಅತ್ಯಂತ ಸುಲಭದ, ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುವ ಪರೀಕ್ಷೆ ಅದೇ. ನಾಚಿಕೆಯಿಂದ ತಪ್ಪಿಸಿಕೊಳ್ಳುವುದೂ ಅದನ್ನೇ. ಮನೆಯ ಹಿರಿಯರಲ್ಲಿ ನನ್ನ ವಿನಂತಿ: ಸೊಸೆಯನ್ನು ಕರೆದುಕೊಂಡು ಹೋಗುವ ದಿನವೇ ಮಗನನ್ನೂ ಕಳಿಸಿ.

ಉಳಿದ ಮೊದಲ ಹಂತದ ಪರೀಕ್ಷೆಗಳು ಇವು: ಥೈರಾಯ್ಡ್ ಮತ್ತಿತರ ಹಾರ್ಮೋನುಗಳು, ಅಂಡಾಶಯದ ಸ್ಕ್ಯಾನ್, ಗರ್ಭನಾಳ ತೆರೆದಿದೆಯೇ ಎಂಬ ಎಕ್ಸ್‌ರೇ. ನಮ್ಮ ದೇಶದಲ್ಲಿ ಗರ್ಭನಾಳ ಮುಚ್ಚಿಹೋಗಲು ಕ್ಷಯರೋಗವೂ ಒಂದು ಮುಖ್ಯ ಕಾರಣ. ಕೆಮ್ಮು, ಜ್ವರ ಏನೂ ಇಲ್ಲದೆ ಅದು ಒಳಗೇ ಇರಬಹುದು. ಕ್ಷಯದ ಔಷಧ ಸರಕಾರದಿಂದ ಉಚಿತ. ಆದರೆ ಮುಚ್ಚಿದ ನಾಳವನ್ನು ಯಾವ ಸೂಜಿಯೂ ತೆರೆಯಲಾರದು. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕು. ಹೆಣ್ಣಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಿಗೆ.

ಐವಿಎಫ್‌ಗೂ ಗ್ಯಾರಂಟಿ ಇಲ್ಲ. ಮೇಲಿನ ಆಸ್ಟ್ರೇಲಿಯಾದ ಅಂಕಿಗಳನ್ನೇ ನೋಡಿ: ಐದರಲ್ಲಿ ನಾಲ್ಕು ಮಂದಿ ಆ ಬಾರಿ ಬರಿಗೈಯಲ್ಲಿ ಮರಳಿದರು. 1986ರಲ್ಲಿ ಇದೇ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಶ್ರಮದಿಂದ ಹರ್ಷಾ ಎಂಬ ಮಗು ಹುಟ್ಟಿದಾಗ ಇಡೀ ನಗರ ಸಂಭ್ರಮಪಟ್ಟಿತ್ತು. ಇಂದು ಗಲ್ಲಿಗೊಂದು ಕೇಂದ್ರವಿದೆ. 2021ರ ಕಾಯ್ದೆಯ ಪ್ರಕಾರ ಪ್ರತಿ ಕೇಂದ್ರವೂ ನೋಂದಣಿಯಾಗಿರಬೇಕು, ದೂರು ಕೇಳುವ ವ್ಯವಸ್ಥೆ ಇಟ್ಟಿರಬೇಕು. ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ.

ನಿಧಿ ಯಾವುದಕ್ಕೆ ಕೊಡುತ್ತದೆ?

ಬಹುಪಾಲು ಆರೋಗ್ಯ ವಿಮೆಗಳು ಸಂತಾನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲಿ ಅದು 17ನೆಯ ಸಂಕೇತವಾಗಿ ನಿಂತಿರುತ್ತದೆ. ಆದ್ದರಿಂದ ಪೂರ್ತಿ ಹೊರೆ ಮನೆಯವರ ಮೇಲೆ. ನಮ್ಮ ನಿಧಿಯ ಪಾಲು ಅದರಲ್ಲಿ ಚಿಕ್ಕದು. ಚಿಕ್ಕದಾದ್ದರಿಂದಲೇ ಅದು ಫಲ ಕೊಡುವ ಕಡೆಗೆ ಹೋಗಬೇಕು. ಉಪಸಮಿತಿ ಪಾಲಿಸುವ ಕ್ರಮ ಇದು:

1. ದಂಪತಿಗಳಿಬ್ಬರ ಮೊದಲ ಹಂತದ ಪರೀಕ್ಷೆಗಳಿಗೆ ಆದ್ಯತೆ. ಗಂಡನ ವರದಿ ಇಲ್ಲದ ಅರ್ಜಿಯನ್ನು ಮುಂದಕ್ಕೆ ಒಯ್ಯುವುದಿಲ್ಲ.

2. ಕಾರಣ ತಿಳಿದ ಮೇಲೆ ಅದಕ್ಕೆ ತಕ್ಕ, ಗುಣ ಸಾಬೀತಾದ ಚಿಕಿತ್ಸೆಗೆ ನೆರವು. ಮಾತ್ರೆಯಲ್ಲಿ ಮುಗಿಯುವುದಕ್ಕೆ ಐವಿಎಫ್ ಬೇಡ.

3. ಐವಿಎಫ್ ಬೇಕೇ ಆದರೆ ನೋಂದಾಯಿತ ಕೇಂದ್ರದ ಹೆಸರಿಗೇ ಚೆಕ್, ನಗದು ಇಲ್ಲ.

4. ಅಕ್ಯುಪಂಕ್ಚರ್, ಮೂಲಿಕೆ ಮುಂತಾದ ಹೆಚ್ಚುವರಿ ಪ್ಯಾಕೇಜುಗಳಿಗೆ ನಿಧಿಯ ಹಣ ಇಲ್ಲ. ಮುಂದೆ ಸರಿಯಾದ ಹೋಲಿಕೆಯಲ್ಲಿ ಗುಣ ಕಂಡರೆ ನಿಯಮ ಬದಲಿಸಲು ಉಪಸಮಿತಿ ಸಿದ್ಧ.

5. ಅರ್ಜಿದಾರರ ಹೆಸರು ಉಪಸಮಿತಿಯ ಆಚೆ ಹೋಗುವುದಿಲ್ಲ. ಸಂಘದ ಸಮಾರಂಭದಲ್ಲಿ ಯಾರೂ ಅವರನ್ನು ‘ಏನಾಯಿತು?’ ಎಂದು ಕೇಳುವ ಪ್ರಸಂಗ ಬರಬಾರದು.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದಂತೆ ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಜೀವನದ ಒಂದಲ್ಲ ಒಂದು ಘಟ್ಟದಲ್ಲಿ ಈ ತೊಂದರೆ ಎದುರಿಸುತ್ತಾರೆ. ನಮ್ಮ ಸಂಘದ ಮನೆಗಳೂ ಆ ಲೆಕ್ಕದೊಳಗೇ ಇವೆ. ಅವರಲ್ಲಿ ಹೆಚ್ಚಿನವರು ಅರ್ಜಿ ಬರೆಯುವುದಿಲ್ಲ. ಸುಮ್ಮನೆ ಸಾಲ ಮಾಡುತ್ತಾರೆ. ಅಂಥವರು ನಿಮಗೆ ಗೊತ್ತಿದ್ದರೆ ಈ ಲೇಖನದ ಪುಟವನ್ನು ಅವರ ಕೈಗೆ ಕೊಡಿ.

ಈ ವರ್ಷದ ನಿಧಿ ಸಂಗ್ರಹ ಆರಂಭವಾಗಿದೆ. ಒಬ್ಬ ದಾನಿಯ ಒಂದು ಸಣ್ಣ ಮೊತ್ತ ಒಂದು ಜೋಡಿಯ ಮೊದಲ ಪರೀಕ್ಷೆಗಳಿಗೆ ಸಾಕಾಗಬಹುದು. ಆ ಒಂದು ವರದಿ ಅವರ ಒಂದು ವರ್ಷವನ್ನು ಉಳಿಸಬಹುದು. ದೇಣಿಗೆಯನ್ನು ಚೆಕ್ ಮೂಲಕ ಅಥವಾ ಸಂಘದ ಖಾತೆಗೆ ನೇರವಾಗಿ ಜಮಾ ಮಾಡಿ, ಕಚೇರಿಯಿಂದ ರಸೀದಿ ಪಡೆದುಕೊಳ್ಳಿ. ಪ್ರತಿ ರೂಪಾಯಿಯ ಲೆಕ್ಕವೂ ಎಂದಿನಂತೆ ವಾರ್ಷಿಕ ಮಹಾಸಭೆಯಲ್ಲಿ ನಿಮ್ಮ ಮುಂದಿರುತ್ತದೆ.

– ವೈದ್ಯಕೀಯ ನೆರವು ಉಪಸಮಿತಿಯ ಪರವಾಗಿ